ನೂರ ಹನ್ನೆರಡನೆಯ ಕಡತದ ಹಕಾರ

ಮಾರ್ಚ್ ೩, ಸೋಮವಾರ. ಬೆಳಿಗ್ಗೆ ೬-೨೦

ಸಂಕಲನಕಾರ್ತಿಗೆ ಎರಡನೆಯ ಪತ್ರ. ಅಂಚೆಗೆ ಹಾಕುವ ಮುನ್ನ ನಕಲು ಇಲ್ಲಿ ಇಡುತ್ತಿದ್ದೇನೆ. ಕಚೇರಿಯ ಅಭ್ಯಾಸ, ನಿವೃತ್ತನಾಗಿ ಹದಿನೆಂಟು ವರ್ಷವಾದರೂ ಬಿಟ್ಟಿಲ್ಲ.

“ಮಾನ್ಯರೆ, ಫೆಬ್ರವರಿ ೨೪ರ ನನ್ನ ಪತ್ರದಲ್ಲಿ ಒಂದು ತಪ್ಪು ನುಸುಳಿದೆ. ಕ್ಷಮೆ ಇರಲಿ. ನಿಮ್ಮ ಚಿತ್ರವನ್ನು ಪರಿಶೀಲನಾ ಸಮಿತಿಯು ನೋಡಿದ್ದು ೧೯೮೯ರ ಜೂನ್ ೧೨ರಂದು, ಸಂಭಾಷಣೆಯನ್ನು ಕೇಳಿ ಇಳಿಸಿದ ಬರಹಪ್ರತಿಯನ್ನು ನಾನು ಒಪ್ಪಿಸಿದ್ದು ೧೪ರಂದು ಎಂದು ತಿಳಿಸಿದ್ದೆ. ನೆನಪನ್ನು ನಂಬಿ ಬರೆದದ್ದು. ಹಳೆಯ ದಿನಚರಿ ತೆಗೆದು ನೋಡಲಾಗಿ ಎರಡೂ ಅದಲುಬದಲಾಗಿವೆ. ಬರಹಪ್ರತಿ ೧೨, ವೀಕ್ಷಣೆ ೧೪. ನಿಷೇಧದ ಆಜ್ಞೆ ಹೊರಟ ದಿನ, ಜೂನ್ ೧೯, ಸರಿಯಾಗಿಯೇ ಇದೆ. ನಿಮಗಾದ ತೊಂದರೆಗೆ ವಿಷಾದಿಸುತ್ತೇನೆ.”

‘ವಿಷಾದಿಸುತ್ತೇನೆ’ ಹಿಡಿಸಲಿಲ್ಲ. ಹೊಡೆದು ‘ವಿಷಾದವಿದೆ’ ಎಂದು ಮಾಡಿದೆ.

ಮೂವತ್ತಾರು ವರ್ಷದ ನಿಷೇಧ. ಚಿತ್ರದವರು ನ್ಯಾಯಾಲಯಕ್ಕೆ ಹೋಗಿದ್ದಾರೆ. ಏಪ್ರಿಲ್ ೮ಕ್ಕೆ ವಿಚಾರಣೆ. ನಿರ್ದೇಶಕರಿಗೆ ಎಂಬತ್ತೊಂದು; ಒಮ್ಮೆಯಾದರೂ ಜನರ ನಡುವೆ ಕುಳಿತು ತಮ್ಮ ಚಿತ್ರ ನೋಡಬೇಕೆಂಬುದೊಂದೇ ಆಸೆಯಂತೆ. ಸಮಿತಿಯವರಲ್ಲಿ ಯಾರೂ ಬದುಕಿಲ್ಲ. ಉಳಿದವನು ಸೆನ್ಸಾರ್ ಮಂಡಳಿಯ ಭಾಷಾಪರೀಕ್ಷಕನಾಗಿದ್ದ ನಾನೊಬ್ಬ. ದಿನಾಂಕಗಳಿಗಾಗಿ ಸಂಕಲನಕಾರ್ತಿ ನನ್ನನ್ನು ಹುಡುಕಿಕೊಂಡು ಪತ್ರ ಬರೆದಳು. ಆ ಪತ್ರದಲ್ಲಿ ಒಂದೇ ಒಂದು ಕಾಗುಣಿತದೋಷವಿರಲಿಲ್ಲ. ಆ ಸಂತೋಷಕ್ಕೇ ಉತ್ತರ ಬರೆದೆನೆಂದರೂ ಸಲ್ಲುತ್ತದೆ.

ಮಾರ್ಚ್ ೬, ಗುರುವಾರ

ಸಂಕಲನಕಾರ್ತಿಯ ದೂರವಾಣಿ. ಪತ್ರ ತಲುಪಿತಂತೆ. ಎರಡು ಬಾರಿ ಕೇಳಿದಳು: “ಬರಹಪ್ರತಿ ಮೊದಲು, ಸಿನಿಮಾ ಆಮೇಲೆ. ಖಂಡಿತಾನಾ ಸಾರ್?” ಖಂಡಿತ ಎಂದೆ. “ಅಂದ್ರೆ ಅವರು ಸಿನಿಮಾ ನೋಡುವಾಗ ನಿಮ್ಮ ಪ್ರತಿ ಅವರ ಕೈಲಿತ್ತು.” ಇತ್ತು, ಅದೇ ಪದ್ಧತಿ, ಎಂದೆ. ಭಾನುವಾರ ಮನೆಗೆ ಬರಲೇ ಎಂದಳು.

ಬರಲಿ. ಚಿತ್ರದ ಹೆಸರನ್ನು ಇಂದಿಗೂ ನಾನು ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಪಾಲಿಗೆ ಅದು ನೂರ ಹನ್ನೆರಡನೆಯ ಕಡತ.

ಮಾರ್ಚ್ ೯, ಭಾನುವಾರ. ಸಂಜೆ ೫

ಬಂದಿದ್ದಳು. ಅರವತ್ತು ದಾಟಿದ ಹೆಂಗಸು, ಕೂದಲು ಪೂರ್ತಿ ಬೆಳ್ಳಗೆ, ಮಾತು ಅಳೆದು ತೂಗಿ. ಚಿತ್ರ ಮಾಡಿದಾಗ ಸಹಾಯಕಿಯಾಗಿದ್ದಳಂತೆ. ಫೋನಿನಲ್ಲಿ ಒಂದು ತುಣುಕನ್ನು ತಂದಿದ್ದಳು. ಆಜ್ಞೆ ನಿಂತಿರುವುದೇ ಅದರ ಮೇಲೆ.

ಕಡತ ನನಗೆ ಬಾಯಿಪಾಠ. ಕೊಳಾಯಿಯ ನೀರು ನಿಂತುಹೋದ ಒಂದು ಬಡಾವಣೆ. ಖಾಲಿ ಕೊಡಗಳ ಸಾಲು. ಸೀಮೆಎಣ್ಣೆಯ ಪಂಪು ಒಲೆ ಹೊತ್ತಿಸುತ್ತ ಕುಳಿತ ಒಬ್ಬ ಮುದುಕಿ. ಅವಳು ಹೇಳುವ ಮಾತು, ನನ್ನ ಬರಹಪ್ರತಿಯಲ್ಲಿ ಇದ್ದಂತೆ: “ಊರಿಗೆ ಊರೇ ಹತ್ತಿಬಿಡಲಿ. ಆಗ ತಿಳಿಯುತ್ತದೆ ಕಚೇರಿಯವರಿಗೆ. (ಒಲೆಯ ಸದ್ದು, ಮುಂದಿನದು ಅಸ್ಪಷ್ಟ.)” ಸಾರ್ವಜನಿಕ ಕಚೇರಿಗಳಿಗೆ ಬೆಂಕಿ ಹಚ್ಚಲು ಕರೆ ಎಂದು ಸಮಿತಿ ಬರೆಯಿತು. ಉಳಿದ ಕಡೆ ಏಳು ಕತ್ತರಿ ಹಾಕಿ ಬಿಟ್ಟುಕೊಡಬಹುದಿತ್ತು. ಇದೊಂದಕ್ಕೆ ಇಡೀ ಚಿತ್ರವೇ ಹೋಯಿತು.

ತುಣುಕು ಹಾಕಿದಳು. ಕಿವಿಯ ಯಂತ್ರ ಸರಿಪಡಿಸಿಕೊಂಡು, ಪ್ರತಿಯನ್ನು ಕೈಯಲ್ಲಿ ಹಿಡಿದು ಕೇಳಿದೆ. ಹತ್ತಿಬಿಡಲಿ. ಬರೆದದ್ದೇ ಕೇಳಿಸಿತು. “ಸರಿಯಾಗಿಯೇ ಇದೆಯಲ್ಲ” ಎಂದೆ.

ಅಡುಗೆಮನೆಯ ಬಾಗಿಲಲ್ಲಿ ಮನೆಯವಳು ಹುರುಳಿಕಾಯಿ ಬಿಡಿಸುತ್ತ ನಿಂತಿದ್ದಳು. ಗಟ್ಟಿಯಾಗಿ ನಕ್ಕುಬಿಟ್ಟಳು. ಹೊರಗಿನವರ ಎದುರಿಗೆ ಅವಳು ನಕ್ಕದ್ದನ್ನು ನಾನು ಕಂಡದ್ದು ಕಡಿಮೆ.

“ಏನಕ್ಕಾ, ಯಾಕೆ ನಕ್ಕಿರಿ?” ಎಂದಳು ಸಂಕಲನಕಾರ್ತಿ.

“ಪಾಪ, ಆ ಅಜ್ಜಿ ಅಳ್ತೀವಿ ಅಂತಿದಾಳೆ. ಊರಿಗೂರೇ ಅತ್ಬಿಡ್ಲಿ ಅಂತ. ಎಲ್ರೂ ಕೂತು ಗೋಳೋ ಅಂತ ಅತ್ರೆ ಕಚೇರಿಯವ್ರಿಗೆ ನಾಚಿಕೆ ಆಗ್ಲಿ ಅಂತ.”

ಸಂಕಲನಕಾರ್ತಿ ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. “ಇದನ್ನ ನಾನು ಹೇಳಬಾರದು ಅಂತಾನೇ ಬಂದಿದ್ದೆ ಸಾರ್. ನಾನು ಹೇಳಿದ್ರೆ ನಮ್ಮ ಕಡೆಯವಳು ಹೇಳಿದ ಹಾಗಾಗುತ್ತೆ. ನಿಮಗೇ ಕೇಳಿಸಬೇಕಿತ್ತು.”

“ಅವರಿಗೆಲ್ಲಿ ಕೇಳಿಸುತ್ತೆ,” ಎಂದಳು ಮನೆಯವಳು. ಒಳಗೆ ಹೋದಳು.

ಮಾರ್ಚ್ ೧೭, ಸೋಮವಾರ. ಬೆಳಿಗ್ಗೆ ೫-೫೦

ಎಂಟು ದಿನ ಏನೂ ಬರೆದಿಲ್ಲ. ಬರೆಯಲು ಕುಳಿತರೆ ಪ್ರತಿಯೊಂದು ಪದವೂ ನನ್ನನ್ನು ದಿಟ್ಟಿಸುತ್ತದೆ.

ಆ ಬಡಾವಣೆಯ ಪಾತ್ರಗಳಾರೂ ಹಕಾರ ಉಚ್ಚರಿಸುವುದಿಲ್ಲ. ಹಾಲು ಎಂಬುದು ಆಲು, ಹೊಳೆ ಎಂಬುದು ಒಳೆ. ಅಳು ಎಂಬುದರಿಂದ ಅತ್ತುಬಿಡಲಿ. ಬೆಂಕಿ ಹತ್ತು ಎಂಬುದರಿಂದ ಹತ್ತಿಬಿಡಲಿ. ಬರಹದಲ್ಲಿ ಬೇರೆ ಬೇರೆ. ಅವರ ಬಾಯಲ್ಲಿ ಎರಡೂ ಒಂದೇ: ಅತ್ಬಿಡ್ಲಿ. ಎದುರಿಗೆ ಒಲೆ ಉರಿಯುತ್ತಿತ್ತು. ನಾನು ಬೆಂಕಿಯನ್ನು ಆರಿಸಿಕೊಂಡೆ.

೧೯೮೯ರ ದಿನಚರಿ ಮತ್ತೆ ತೆಗೆದೆ. ಜೂನ್ ೧೨: “೧೧೨ರ ಬರಹಪ್ರತಿ ಒಪ್ಪಿಸಿದೆ. ಸಂಭಾಷಣೆ ಕಿವಿಗೆ ಹಿಂಸೆ. ಹಕಾರವೇ ಇಲ್ಲದ ಜನ. ಆಡುನುಡಿಯನ್ನು ಶುದ್ಧಪಡಿಸಿ, ಬಿಟ್ಟ ಹಕಾರಗಳನ್ನೆಲ್ಲ ತುಂಬಿ ಬರೆದೆ. ಎರಡು ದಿನದ ಶ್ರಮ. ತೃಪ್ತಿಯಾಯಿತು.”

ಕಚೇರಿಯ ನಿಯಮ ಗೋಡೆಯ ಮೇಲೆ ತೂಗುತ್ತಿತ್ತು: ಕೇಳಿದಂತೆ ಬರೆಯತಕ್ಕದ್ದು. ಅದನ್ನು ಬರೆದು ಕಟ್ಟುಹಾಕಿಸಿದವನೂ ನಾನೇ. ಬರೆಯತಕ್ಕದ್ದು ಎಂಬಲ್ಲಿನ ಒತ್ತು ಸರಿಯಾಗಿದೆಯೇ ಎಂದು ಬಣ್ಣದವನ ಬೆನ್ನ ಹಿಂದೆ ನಿಂತು ನೋಡಿದವನು.

ಆ ಎರಡು ದಿನಾಂಕಗಳು ಅದಲುಬದಲಾದದ್ದು ಏತಕ್ಕೆ ಎಂದು ಈಗ ತಿಳಿಯುತ್ತದೆ. ಸಮಿತಿ ಮೊದಲೇ ನೋಡಿತು, ತನ್ನ ಕಿವಿಯಿಂದಲೇ ತೀರ್ಮಾನಿಸಿತು, ನಾನು ಆಮೇಲೆ ಬರಿದೇ ದಾಖಲಿಸಿದೆ — ಮನಸ್ಸು ಹಾಗೆ ಇಟ್ಟುಕೊಂಡಿತ್ತು. ನಡೆದದ್ದು ಹಾಗಲ್ಲ. ಐವರು ಸದಸ್ಯರು ನನ್ನ ಪುಟವನ್ನು ತೊಡೆಯ ಮೇಲಿಟ್ಟುಕೊಂಡು ಪರದೆ ನೋಡಿದರು. ಕಣ್ಣು ಓದಿದ್ದನ್ನೇ ಕಿವಿ ಕೇಳಿತು. ಮೊನ್ನೆ ನನಗೂ ಆದದ್ದು ಅದೇ.

ಅದೇ ದಿನ, ಸಂಜೆ ೪

ಮನೆಯವಳಿಗೆ ಹೇಳಿದೆ. ಎಲ್ಲವನ್ನೂ. ಅವಳು ಬಟ್ಟೆ ಮಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ನಿಮ್ಮನ್ನ ಇಡ್ಕೊಂಡು ಓಗ್ತಾರಾ?”

“ಇಲ್ಲ.”

“ಪೆನ್ಷನ್ ನಿಲ್ಲಿಸ್ತಾರಾ?”

“ಇಲ್ಲ. ಹೆಸರು ಹೋಗುತ್ತದೆ. ನಲವತ್ತು ವರ್ಷ ಪತ್ರಿಕೆಯ ಅಂಕಣದಲ್ಲಿ ಊರವರ ಭಾಷೆಯ ತಪ್ಪನ್ನೆಲ್ಲ ತಿದ್ದಿದವನು.”

ಒಂದು ದಿಂಬಿನ ಚೀಲವನ್ನು ಕೊಡವಿದಳು. “ಮದುವೆ ಆದ ವರ್ಷ, ನೆನಪಿದೆಯಾ? ನಿಮ್ಮ ಆಫೀಸಿನೋರು ಊಟಕ್ಕೆ ಬಂದಿದ್ರು. ನಿಮ್ಮ ಮರ್ಯಾದೆ ಓಗಬಾರದು ಅಂತ ಎಲ್ಲಕ್ಕೂ ಹ ಸೇರಿಸಿ ಮಾತಾಡ್ತಿದ್ದೆ. ಹಕ್ಕಿ ಬೆಂದಿದೆ, ಬಡಿಸಲಾ ಅಂದೆ.”

ನೆನಪಿತ್ತು. ಅಕ್ಕಿ ಎನ್ನಬೇಕಾದ್ದನ್ನು ಹಕ್ಕಿ ಎಂದಿದ್ದಳು. ನಗೆಯೋ ನಗೆ. ಆ ಮಾತನ್ನು ಮೊದಲು ಎತ್ತಿ ಆಡಿದವನು ನಾನು. ಒಂದು ವಾರ ಆಡಿದೆ.

“ಅವತ್ತಿಂದ ನೆಂಟರ ಮುಂದೆ ಬಾಯಿ ಬಿಡೋದೇ ಬಿಟ್ಟೆ. ಈಗ ನೋಡಿ, ನಿಮ್ದೂ ಒಂದು ಹಕ್ಕಿ ಆಯ್ತು,” ಎಂದಳು. ಕಹಿಯಿಂದಲ್ಲ. ಲೆಕ್ಕ ಸರಿಹೋದವರ ಹಾಗೆ. ಆಮೇಲೆ, “ನಂದು ಒಂದು ಊಟಕ್ಕೆ ಮುಗೀತು. ನಿಮ್ದು ಯಾರದೋ ಜೀವಮಾನದ ಕೆಲಸ. ಓಗಿ ಹೇಳಿ ಬನ್ನಿ.”

‘ಓಗಿ’, ‘ಹೇಳಿ’. ಒಂದೇ ವಾಕ್ಯದಲ್ಲಿ ಒಂದು ಅವಳದು, ಇನ್ನೊಂದು ನಾನು ಹೇರಿದ್ದು. ಐವತ್ತೆರಡು ವರ್ಷ ಎರಡು ಭಾಷೆಗಳ ನಡುವೆ ಓಡಾಡಿದ್ದಾಳೆ, ನನಗೆ ಸದ್ದಾಗದಂತೆ. ಇಷ್ಟರ ಮೇಲೂ ನನ್ನೊಡನೆ ಮಾತು ಬಿಡಲಿಲ್ಲ. ಇದು ನನಗೆ ಸಂದದ್ದು ಯಾವ ಪುಣ್ಯದಿಂದ ಎಂದು ತಿಳಿಯದು. ಸಂದಿದೆ.

ಮಾರ್ಚ್ ೨೪, ಸೋಮವಾರ. ಮಧ್ಯಾಹ್ನ

ಚಿತ್ರದವರ ವಕೀಲರ ಕೊಠಡಿ. ಮೂರನೆಯ ಮಹಡಿ, ಮೆಟ್ಟಿಲುಗಳು. ಕಡತಗಳ ರಾಶಿಯ ಮೇಲೆ ಫ್ಯಾನಿನ ಗಾಳಿಗೆ ಹಾಳೆಗಳ ತುದಿ ಮಾತ್ರ ಏಳುತ್ತಿತ್ತು. ನಿರ್ದೇಶಕರೂ ಇದ್ದರು. ನಾನು ನೋಡಿರಲಿಲ್ಲ. ಮಂಡಳಿಯವರು ಚಿತ್ರದವರನ್ನು ಕಾಣಕೂಡದು ಎಂಬ ನಿಯಮ ಆಗ. ಕೃಶ ಶರೀರ, ಊರುಗೋಲು, ಜೇಬಿನಲ್ಲಿ ಮೂರು ಪೆನ್ನು.

ವಕೀಲರು ಚಿಕ್ಕ ವಯಸ್ಸಿನವರು, ನೇರ ಮಾತು. “ಅಫಿಡವಿಟ್ ಹಾಕಿದ್ರೆ ಅದು ಎಲ್ಲರೂ ನೋಡೋ ದಾಖಲೆ ಆಗುತ್ತೆ. ಪತ್ರಿಕೆಯವರು ಬರೀತಾರೆ. ಬೇಡ ಅಂದ್ರೆ ಈಗಲೇ ಹೇಳಿ, ಬೇರೆ ದಾರಿ ಹುಡುಕ್ತೀನಿ. ಆದ್ರೆ ನಿಮ್ಮ ಮೊದಲನೇ ಪತ್ರದ ದಿನಾಂಕ ಹಾಗೇ ಇದ್ದಿದ್ರೆ ನಾವು ಸೋತಹಾಗೇ. ಸಮಿತಿ ಸ್ವಂತ ಕಿವಿಯಿಂದ ಕೇಳಿತು ಅಂತ ಮಂಡಳಿಯವರು ವಾದ ಮಾಡ್ತಿದ್ರು.”

ಬೇರೆ ದಾರಿ ಬೇಡ ಎಂದೆ. ನಿರ್ದೇಶಕರ ಕಡೆ ತಿರುಗಿದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ವಾಕ್ಯವೊಂದಿತ್ತು, ಕರ್ತೃ ಕರ್ಮ ಕ್ರಿಯೆ ಎಲ್ಲ ಕ್ರಮವಾಗಿ. ಅರ್ಧಕ್ಕೇ ಮುರಿಯಿತು. “ತಪ್ಪು ನನ್ನದು” ಎಂದಷ್ಟೇ ಬಂದಿತು.

ಅವರು ಊರುಗೋಲಿನ ಮೇಲೆ ಮುಂದಕ್ಕೆ ಬಾಗಿದರು. “ಮೂವತ್ತಾರು ವರ್ಷ, ಸ್ವಾಮಿ, ನನ್ನ ಸಿನಿಮಾ ನೋಡಿ ದೊಡ್ಡೋರು ಹೆದರಿದ್ರು ಅಂತ ಎದೆ ಉಬ್ಬಿಸಿಕೊಂಡು ತಿರುಗಿದೀನಿ. ಹೋದಲ್ಲೆಲ್ಲ ಅದನ್ನೇ ಹೇಳಿದೀನಿ. ಕಡೆಗೆ ನೋಡಿದ್ರೆ ಕಾಗುಣಿತ.”

ವಕೀಲರು ತಲೆ ತಗ್ಗಿಸಿ ನಗು ನುಂಗಿದರು. ನನಗೆ ನೆಲ ಬಿರಿಯಬಾರದೇ ಎನಿಸಿತು.

“ಅದು ತಮಾಷೆ ಮಾತು ಕಣ್ರೀ,” ಎಂದರು ಮತ್ತೆ, ಸಣ್ಣ ದನಿಯಲ್ಲಿ. “ಬರೆದಾಗ ನಾನೊಬ್ಬನೇ ಕೂತು ನಕ್ಕಿದ್ದೆ. ಇವತ್ತಿನ ತನಕ ಯಾರೂ ಅದಕ್ಕೆ ನಕ್ಕಿಲ್ಲ.”

“ನಮ್ಮ ಮನೆಯವಳು ನಕ್ಕಳು.”

“ಯಾವಾಗ?”

“ಈ ತಿಂಗಳ ಒಂಬತ್ತರಂದು. ಭಾನುವಾರ. ಹುರುಳಿಕಾಯಿ ಬಿಡಿಸುತ್ತಿದ್ದಳು.”

“ಜೋರಾಗಿ ನಕ್ಕರಾ?”

“ಬಹಳ ಜೋರಾಗಿ.”

ಊರುಗೋಲನ್ನು ಎಡಗೈಗೆ ಬದಲಾಯಿಸಿ ನನ್ನ ಕೈ ಹಿಡಿದರು. ಅದರಲ್ಲಿ ಬಲವಿರಲಿಲ್ಲ, ಬಿಡಲೂ ಇಲ್ಲ. “ಅವರನ್ನೂ ಕರ್ಕೊಂಡು ಬನ್ನಿ. ಸಿನಿಮಾ ಬಿಡುಗಡೆ ಆದ್ರೆ.”

ಪ್ರಮಾಣಪತ್ರಕ್ಕೆ ಸಹಿ ಹಾಕಿದೆ. ಅದರಲ್ಲಿ ಎರಡು ಅಕ್ಷರದೋಷಗಳಿದ್ದವು. ಕಂಡೆ. ಸುಮ್ಮನಿದ್ದೆ... ಇಲ್ಲ, ಒಂದನ್ನು ಮಾತ್ರ ಹೇಳಿದೆ. ‘ನಿಷೇದ’ ಎಂದಿತ್ತು. ಅಷ್ಟು ವರ್ಷ ಅನುಭವಿಸಿದವರಿಗೆ ಮಹಾಪ್ರಾಣವಾದರೂ ಪೂರ್ತಿ ಸಿಗಲಿ.

ಏಪ್ರಿಲ್ ೨, ಬುಧವಾರ

ಸಂಕಲನಕಾರ್ತಿಯಿಂದ ಕರೆ. ಮೂಲ ಧ್ವನಿಸುರುಳಿ ಒಂದು ಗೋದಾಮಿನಲ್ಲಿ ಸಿಕ್ಕಿದೆ. ಒಲೆಯ ಸದ್ದು ಬೇರೆ ಧ್ವನಿಪಟ್ಟಿಯಲ್ಲಿದೆಯಂತೆ, ಬೇರ್ಪಡಿಸಬಹುದಂತೆ. ಬೇರ್ಪಡಿಸಿದ ತುಣುಕನ್ನು ನನ್ನ ಫೋನಿಗೆ ಕಳುಹಿಸಿದಳು. ನಾನು ‘ಅಸ್ಪಷ್ಟ’ ಎಂದು ಆವರಣದಲ್ಲಿ ಮುಚ್ಚಿಟ್ಟ ಮಾತು:

“ಅಷ್ಟಾದ್ರೂ ನೀರು ಅರೀಲಿ ಈ ಬೀದೀಲಿ.”

ಹರಿಯಲಿ. ಊರೆಲ್ಲ ಅತ್ತರೆ ಅಷ್ಟಾದರೂ ನೀರು ಹರಿದೀತು. ಹಕಾರ ಬೇಕಾಗಿದ್ದದ್ದು ಇಲ್ಲಿ. ನಾನು ಅದನ್ನು ಒಂದು ಸಾಲು ಮೊದಲೇ ಖರ್ಚು ಮಾಡಿದ್ದೆ.

ಮನೆಯವಳಿಗೆ ಕೇಳಿಸಿದೆ. ಈ ಬಾರಿ ನಗಲಿಲ್ಲ. “ನಮ್ಮಮ್ಮನ ಮಾತಿನ ಹಾಗೇ ಇದೆ,” ಎಂದಳು. ಇನ್ನೊಂದು ಸಲ ಹಾಕಿಸಿಕೊಂಡಳು.

ಅತ್ತೆಯವರು ನಮ್ಮ ಮನೆಗೆ ಬಂದಾಗಲೆಲ್ಲ ಸುಮ್ಮನೆ ಕುಳಿತಿರುತ್ತಿದ್ದರು. ಮಿತಭಾಷಿ ಎಂದುಕೊಂಡಿದ್ದೆ. ಊರಿನಲ್ಲಿ ಅವರ ಮಾತಿಗೆ ಬೀದಿಯೇ ನೆರೆಯುತ್ತಿತ್ತಂತೆ. ಇಂದು ಹೇಳಿದಳು.

ಏಪ್ರಿಲ್ ೮, ಮಂಗಳವಾರ. ಸಂಜೆ

ವಿಚಾರಣೆ. ಹನ್ನೊಂದು ಗಂಟೆಗೆ ಕರೆಯಬೇಕಾದದ್ದು ಎರಡೂಕಾಲಿಗೆ ಕರೆದರು. ಮಂಡಳಿಯ ಪರ ವಕೀಲರು ಎದ್ದು ನಿಂತು, ವಯಸ್ಸಾದ ಸಾಕ್ಷಿ, ಕಿವಿ ಮಂದ, ನೆನಪು ಒಮ್ಮೆ ತಪ್ಪಿದೆ ಎಂದು ಅವರೇ ಒಪ್ಪಿದ್ದಾರೆ, ಎಂದರು. ಮೂರೂ ನಿಜ. ಮೂರಕ್ಕೂ ಹೌದು ಎಂದೆ.

ನ್ಯಾಯಾಧೀಶರು ಕನ್ನಡಕ ತೆಗೆದರು. “ಹಾಗಾದರೆ ನಿಮ್ಮ ಎರಡನೇ ಪತ್ರವನ್ನ ಯಾಕೆ ನಂಬಬೇಕು?”

“ನನ್ನನ್ನು ನಂಬುವುದು ಬೇಡ. ೧೯೮೯ರ ದಿನಚರಿ ಇದೆ. ಅದರಲ್ಲಿ ನಾನು ನನ್ನನ್ನೇ ಹೊಗಳಿಕೊಂಡಿದ್ದೇನೆ. ತಪ್ಪು ಮಾಡಿದ್ದು ಗೊತ್ತಿದ್ದವನು ಹಾಗೆ ಬರೆಯುವುದಿಲ್ಲ.”

ದಿನಚರಿಯನ್ನು ಕೈಗೆ ತೆಗೆದುಕೊಂಡು ಓದಿದರು. ‘ತೃಪ್ತಿಯಾಯಿತು’ ಎಂಬಲ್ಲಿ ಅವರ ಬೆರಳು ನಿಂತದ್ದು ಕಂಡಿತು. ಬಳಿಕ ಒಲೆಯ ಸದ್ದು ಬೇರ್ಪಡಿಸಿದ ತುಣುಕನ್ನು ಹಾಕಿಸಿದರು. ಮೊದಲು ನನ್ನ ಬರಹಪ್ರತಿ ಎದುರಿಗಿಟ್ಟುಕೊಂಡು. ಆಮೇಲೆ ಪ್ರತಿಯನ್ನು ಬೋರಲು ಹಾಕಿ, ಕಣ್ಣು ಮುಚ್ಚಿ. ಮುದುಕಿಯ ‘ನೀರು ಅರೀಲಿ’ ಎಂಬ ಸಾಲಿಗೆ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನಕ್ಕವರು ತಮ್ಮ ಮೊಕದ್ದಮೆಗಾಗಿ ಕಾಯುತ್ತಿದ್ದ ಅಪರಿಚಿತರು. ಬೆಂಚುಗುಮಾಸ್ತೆಯೂ ನಕ್ಕಳು. ನಗೆ ನಿಲ್ಲುವ ತನಕ ನ್ಯಾಯಾಧೀಶರು ಕಣ್ಣು ತೆರೆಯಲಿಲ್ಲ.

ನಿರ್ದೇಶಕರು ಹಿಂತಿರುಗಿ ನೋಡಿದರು, ನಕ್ಕವರು ಯಾರು ಎಂದು. ಅವರ ಮುಖವನ್ನು ವರ್ಣಿಸಲು ನನಗೆ ಬಾರದು. ನಿಘಂಟು ಕೈಯಲ್ಲಿದ್ದರೂ ಬಾರದು.

ತೀರ್ಪು ಹದಿನೈದಕ್ಕೆ.

ಏಪ್ರಿಲ್ ೧೫, ಮಂಗಳವಾರ

ಆಜ್ಞೆ ರದ್ದು. ನಿಷೇಧ ತೆರವು. ಏಳು ಕತ್ತರಿಗಳೂ ಬೇಡವೆಂದಿದ್ದಾರೆ.

ಏಪ್ರಿಲ್ ೧೮, ಶುಕ್ರವಾರ

ಪತ್ರಿಕೆಯಲ್ಲಿ ಬಂದಿದೆ. ತಲೆಬರಹ: “ತಿದ್ದುವವರೇ ತಪ್ಪಿದಾಗ”. ಛಂದಸ್ಸು ಚೆನ್ನಾಗಿದೆ. ಬೀದಿಯ ತುದಿಯ ಕ್ಷೌರಿಕ ಕೇಳಿದ, “ಏನ್ ಸಾರ್, ಪೇಪರಲ್ಲಿ ನೀವೇನಾ?” ನಾನೇ ಎಂದೆ. “ನಮ್ಮ ಅಂಗಡಿ ಬೋರ್ಡಿನ ತಪ್ಪು ತೋರಿಸಿ ಹನ್ನೆರಡು ವರ್ಷ ಆಯ್ತು, ಇನ್ನೂ ಬದಲಾಯಿಸಿಲ್ಲ. ಈಗ ಬಿಟ್ಟುಬಿಡಲಾ?” ಬಿಟ್ಟುಬಿಡು ಎಂದೆ. ಗಲ್ಲಕ್ಕೆ ಬಹಳ ನಯವಾಗಿ ಕತ್ತಿ ಆಡಿಸಿದ. ಕೃತಜ್ಞತೆ ಇಬ್ಬರ ಕಡೆಯಿಂದಲೂ ಇತ್ತೆಂದು ತೋರುತ್ತದೆ.

ಏಪ್ರಿಲ್ ೨೭, ಭಾನುವಾರ. ಬೆಳಿಗ್ಗೆ ೯-೧೫

ಹತ್ತೂವರೆಗೆ ಪ್ರದರ್ಶನ. ಒಂದೇ ಪರದೆಯ ಹಳೆಯ ಚಿತ್ರಮಂದಿರ. ಎಲ್ಲ ಟಿಕೆಟ್ಟುಗಳೂ ಹೋಗಿವೆಯಂತೆ. ನಿರ್ದೇಶಕರು ಜನರ ನಡುವೆ ಏಳನೆಯ ಸಾಲು ಕೇಳಿ ಪಡೆದಿದ್ದಾರೆ. ಅವರ ಒಂದು ಪಕ್ಕದ ಕುರ್ಚಿ ಮನೆಯವಳಿಗೆ, ಅದರ ಪಕ್ಕದ್ದು ನನಗೆ. ಅವಳು ನಗುವುದನ್ನು ಹತ್ತಿರದಿಂದ ಕೇಳಬೇಕಂತೆ.

ಪ್ರದರ್ಶನ ಮುಗಿದ ಮೇಲೆ ಬಾಗಿಲಲ್ಲಿ ಹಂಚುವ ಕರಪತ್ರದ ಕರಡನ್ನು ಸಂಕಲನಕಾರ್ತಿ ನೋಡಲು ಕಳುಹಿಸಿದ್ದಾಳೆ. ನನಗೇ ಕಳುಹಿಸಿದ್ದಾಳೆ, ಇನ್ನೂ. ಕಣ್ಣು ಮಂಜಾಯಿತು. ಮೊದಲ ಪತ್ರದಿಂದ ಎತ್ತಿಕೊಂಡ ದಿನಾಂಕಗಳು ಹಾಗೆಯೇ ಉಳಿದಿವೆ. ತಿದ್ದಿ ಕಳುಹಿಸಬೇಕಾದವು:

೧೯೮೯, ಜೂನ್ ೧೪ ಎಂದಿರುವುದು ಜೂನ್ ೧೨. ಬರಹಪ್ರತಿ ಒಪ್ಪಿಸಿದ ದಿನ. ‘ಭಾಷಾಪರೀಕ್ಷಕರ ತಪ್ಪಿನಿಂದ’ ಎಂದು ಸೇರಿಸುವುದು.

ಜೂನ್ ೧೨ ಎಂದಿರುವುದು ಜೂನ್ ೧೪. ಸಮಿತಿ ಚಿತ್ರ ನೋಡಿದ, ಅಂದರೆ ಓದಿದ ದಿನ.

ಜೂನ್ ೧೯. ನಿಷೇಧ. ಸರಿಯಾಗಿದೆ.

‘ಮೊದಲ ಪ್ರೇಕ್ಷಕರು ನಕ್ಕ ದಿನ: ಏಪ್ರಿಲ್ ೮, ನ್ಯಾಯಾಲಯದಲ್ಲಿ’ ಎಂದಿರುವುದು ತಪ್ಪು. ಮಾರ್ಚ್ ೯, ಭಾನುವಾರ, ನಮ್ಮ ಅಡುಗೆಮನೆಯ ಬಾಗಿಲಲ್ಲಿ.

ನಿಷೇಧ ತೆರವು, ಏಪ್ರಿಲ್ ೧೬ ಎಂದಿರುವುದು ಏಪ್ರಿಲ್ ೧೫.

ಮೊದಲ ಪ್ರದರ್ಶನ, ಏಪ್ರಿಲ್ ೨೭, ಬೆಳಿಗ್ಗೆ ೧೦-೩೦. ಮನೆಯವಳು ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲಿ ನಿಂತಿದ್ದಾಳೆ. “ರೀ, ಒತ್ತಾಯ್ತು, ಓಗೋಣ” ಎಂದಳು. ಕೇಳಿದಂತೆ ಬರೆದಿದ್ದೇನೆ.